ಮಿಲಿಂದ ಜಿಗಿಯಲಿಲ್ಲ

ನಾನು ನಿಂತಿದ್ದದ್ದು ತಿಕೋಟಾದ ನಮ್ಮ ಮನೆಯ ಅಂಗಳದಲ್ಲಿ, ನೀರಿನ ಟಾಕಿಯ ಕಟ್ಟೆಯ ಮೇಲೆ. ಕಾರಿನ ಎಡಗಡೆಯ ಹಿಂದಿನ ಗಾಲಿ ನನ್ನಿಂದ ಮೂರು ಮಾರು ದೂರದಲ್ಲಿತ್ತು. ಏಪ್ರಿಲ್ ತಿಂಗಳು. ಐದನೆಯ ಇಯತ್ತೆಯ ಪರೀಕ್ಷೆ ಮುಗಿದು ಸೂಟಿ ಬಿದ್ದಿತ್ತು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ, ಬಿಸಿಲು ನನ್ನ ಬೆನ್ನಿಗಿತ್ತು. ಹಾಗಾಗಿ ಕಣ್ಣು ಕುಕ್ಕಲಿಲ್ಲ, ಕಂಡದ್ದನ್ನು ಸರಿಯಾಗಿಯೇ ಕಂಡೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಆವತ್ತು ನಡೆದದ್ದನ್ನು ನಮ್ಮೂರಿನವರು ಬೇರೆ ರೀತಿ ಹೇಳುತ್ತಾರೆ.

ಆಗೆಲ್ಲ ತಿಕೋಟಾದಲ್ಲಿ ಬೇಸಿಗೆ ಎಂದರೆ ಮಣೂಕ. ಬೇರೆ ಕಡೆಯವರು ಒಣದ್ರಾಕ್ಷಿ ಅನ್ನುತ್ತಾರೆ. ತೋಟದ ಶೆಡ್ಡುಗಳಲ್ಲಿ ಬಲೆಯ ಮೇಲೆ ಬಲೆ ಕಟ್ಟಿ ದ್ರಾಕ್ಷಿ ಹರವುತ್ತಿದ್ದರು. ಊರಿಗೆ ಊರೇ ಹುಳಿಸಿಹಿ ವಾಸನೆಯಲ್ಲಿ ಮುಳುಗಿರುತ್ತಿತ್ತು. ನಾವು ಹುಡುಗರು ಬೆಳಿಗ್ಗೆ ಚಿಣಿಪಣಿ ಆಡುವುದು, ಬಿಸಿಲು ಏರಿದಾಗ ಶೆಡ್ಡಿನ ನೆರಳಿಗೆ ಹೋಗುವುದು, ಬಲೆಯ ಕೆಳಗೆ ಉದುರಿದ್ದನ್ನು ಚಡ್ಡಿಯ ಕಿಸೆಗೆ ತುಂಬಿಕೊಳ್ಳುವುದು. ಕಿಸೆಯಲ್ಲಿ ಅವು ಕರಗಿ ಬಟ್ಟೆಗೆ ಅಂಟಿ, ಮನೆಯಲ್ಲಿ ಅವ್ವ ಒಗೆಯುವಾಗ ಬೈಯುವುದು.

ಅಪ್ಪನ ಹತ್ತಿರ ಹಳೆಯ ಅಂಬಾಸಿಡರ್ ಕಾರಿತ್ತು. ಹೆಸರಿಗೆ ಕಾರು, ಮಾಡುತ್ತಿದ್ದದ್ದು ಚಕ್ಕಡಿಯ ಕೆಲಸ. ಹಿಂದಿನ ಸೀಟು ಕಿತ್ತು, ಡಿಕ್ಕಿಯಲ್ಲೂ ಸೀಟಿನ ಜಾಗದಲ್ಲೂ ಮಣೂಕದ ಪೆಟ್ಟಿಗೆ ತುಂಬಿ ವಿಜಯಪುರದ ಪೇಟೆಗೆ ಒಯ್ಯುತ್ತಿದ್ದ. ಹಿಂದಿನ ಗಾಲಿಗಳ ಮೇಲೆ ಭಾರ ಹೊರುವ, ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳಿಗೆ ನಮ್ಮ ಕಡೆ ಪಾಟಾ ಅನ್ನುತ್ತಾರೆ. ಆ ಪಾಟಾಗಳು ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು. ಕಾರು ಖಾಲಿ ಇದ್ದಾಗಲೂ ಮಲಗಲು ಹವಣಿಸುವ ಎಮ್ಮೆಯ ಹಾಗೆ ಹಿಂದೆ ಕುಸಿದಿರುತ್ತಿತ್ತು. ತಗ್ಗು ಬಂದರೆ ಗಾಲಿ ಮೇಲಿನ ತಗಡಿಗೆ ಉಜ್ಜಿ ರಬ್ಬರಿನ ಹೊಗೆ ಬರುತ್ತಿತ್ತು.

ಆಯಿ, ಎಂದರೆ ಅಪ್ಪನ ಅವ್ವ, ಆ ವಾರ ಬಬಲೇಶ್ವರದ ತವರಿಗೆ ಹೋಗಬೇಕಿತ್ತು. "ಈ ಗಾಡ್ಯಾಗ ನಾ ಕುಂದ್ರೂದಿಲ್ಲ. ಬಬಲೇಶ್ವರ ಮುಟ್ಟೂದರಾಗ ನನ್ನ ಎಲುವ ಎಣಿಸಿ ಚೀಲಕ್ಕ ತುಂಬಬೇಕಾಕೈತಿ" ಅಂದಳು. ಹೊಸ ಪಾಟಾ ಹಾಕಿಕೊಡಲು ಅಪ್ಪ ಆಗ ದಸ್ತಗೀರ ಮಾಮಾನಿಗೆ ಹೇಳಿದ.

ದಸ್ತಗೀರ ಮಾಮಾ ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟುಕೊಂಡಿದ್ದ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ವಿಜಯಪುರದ ಸ್ಟೇಷನ್ ರಸ್ತೆಯಿಂದ ಎರಡೂ ಕಡೆಗೆ ಹೊಸ ಪಾಟಾ ತಂದು, ಮಣೂಕದ ಭಾರಕ್ಕೆಂದು ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿದ್ದ. ನಮ್ಮ ಅಂಗಳದಲ್ಲೇ ಹಳೆಯವನ್ನು ಬಿಚ್ಚುವಾಗ ತುಕ್ಕು ಹಿಡಿದ ಬೋಲ್ಟಿಗೆ ರಾಕೆಲ್, ಎಂದರೆ ಸೀಮೆಎಣ್ಣೆ ಹಾಕಿ, ಅದರ ತಾಯಿ ತಂದೆಯರನ್ನೆಲ್ಲ ನೆನೆದ. ಬಲಗಡೆಯದು ಕೂಡಿಸಿ ಆಗಿತ್ತು. ಉಳಿದದ್ದು ಎಡಗಡೆಯದು.

ಇಲ್ಲಿ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು. ಹೊಸ ಪಾಟಾಕ್ಕೆ ಬಾಗು ಹೆಚ್ಚು. ಬಾಗು ಹೆಚ್ಚಿದ್ದಷ್ಟೂ ಉದ್ದ ಕಡಿಮೆ, ಅದರ ಹಿಂದಿನ ತುದಿಯ ತೂತು ಕಾರಿನ ಕೊಂಡಿಯ ತೂತಿಗೆ ಹೊಂದುವುದಿಲ್ಲ. ಮೇಲೆ ಭಾರ ಬಿದ್ದರೆ ಪಾಟಾ ಚಪ್ಪಟೆಯಾಗಿ ಉದ್ದವಾಗುತ್ತದೆ, ತೂತಿಗೆ ತೂತು ಕೂಡುತ್ತದೆ, ಆಗ ಪಿನ್ನು ಬಡಿಯಬೇಕು. ದೊಡ್ಡ ಊರಿನ ಗ್ಯಾರೇಜಿನಲ್ಲಿ ಅದಕ್ಕೆ ಸಾಧನ ಇರುತ್ತಿತ್ತೇನೋ. ನಮ್ಮಲ್ಲಿ ಓಣಿಯ ಹುಡುಗರನ್ನು ಡಿಕ್ಕಿಯಲ್ಲಿ ಕೂಡಿಸುತ್ತಿದ್ದರು. ಭಾರಕ್ಕೆ ಕುಳಿತವರಿಗೆಲ್ಲ, ಕೆಲಸ ಮುಗಿದ ಮೇಲೆ ಅದೇ ಕಾರಿನಲ್ಲಿ ಒಂದು ಸುತ್ತು. ಇದು ನಮ್ಮಲ್ಲಿ ರೂಢಿ.

"ಬರ್ರಿಲೇ, ಯಾರ್‍ಯಾರ ಊಟಾ ಮಾಡೀರಿ ಅವರೆಲ್ಲಾ ಬರ್ರಿ" ಎಂದು ದಸ್ತಗೀರ ಮಾಮಾ ಕೂಗಿದ. ಹಿಂದಿನ ಓಣಿಯ ಅಣ್ಣತಮ್ಮ ಇಬ್ಬರು ಓಡಿಬಂದರು. ದೊಡ್ಡಪ್ಪನ ಮಗಳು ಶಾಂತಕ್ಕ, ನನಗಿಂತ ಮೂರು ವರ್ಷ ದೊಡ್ಡವಳು, ಲಂಗ ಎತ್ತಿಕಟ್ಟಿ ಹತ್ತಿದಳು. ನಾನೂ ಕಾಲಿಟ್ಟೆ. ಮಾಮಾ ನನ್ನ ರಟ್ಟೆ ಹಿಡಿದು ಇಳಿಸಿದ.

"ನೀ ಹತ್ತಿದರ ಗಾಡಿ ಇನ್ನಷ್ಟ ಮ್ಯಾಲ ಏಳತೈತಿ ಬಸೂ. ಹೋಗು, ಟಾಕಿ ಕಟ್ಟಿ ಮ್ಯಾಲ ನಿಂತ ನೋಡು. ಗಾಳಿ ಬಂದರ ಕಟ್ಟಿ ಗಟ್ಟಿ ಹಿಡಕೊ."

ಎಲ್ಲರೂ ನಕ್ಕರು. ಆಗ ಅವನ ಕಣ್ಣು ಅಂಗಳದ ಬಾಗಿಲಿನಲ್ಲಿ ನಿಂತಿದ್ದ ಮಿಲಿಂದನ ಮೇಲೆ ಬಿತ್ತು.

ಮಿಲಿಂದ ನನ್ನ ವರ್ಗದವನು. ಅವನ ಅಪ್ಪ ಬಸ್ ಕಂಡಕ್ಟರ್. ಮನೆ ಊರ ಆ ಬದಿಯ ಬೌದ್ಧರ ಓಣಿಯಲ್ಲಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಾಲಿಗೆ ಬರುತ್ತಿದ್ದವನು ನಮ್ಮ ವರ್ಗದಲ್ಲಿ ಅವನೊಬ್ಬನೇ. ಅವನು ದಪ್ಪಗಿದ್ದ. ಆಟದಲ್ಲಿ ಯಾರೂ ಅವನನ್ನು ಮೊದಲು ಆರಿಸಿಕೊಳ್ಳುತ್ತಿರಲಿಲ್ಲ, ಓಡುವುದು ಅವನಿಂದ ಆಗುತ್ತಿರಲಿಲ್ಲ. ಗುಂಡ್ಯಾ ಎಂದು ಕಾಡುತ್ತಿದ್ದೆವು.

"ಏ ಪೈಲ್ವಾನ! ಅಲ್ಲ್ಯಾಕ ನಿಂತೀದೋ? ನಿನ್ನಂಥಾಂವನ್ನ ಹುಡಿಕ್ಯಾಡಾಕತ್ತೇನಿ ನಾ" ಅಂದ ಮಾಮಾ.

"ನಾನ್ರೀ?"

"ಮತ್ತ್ಯಾರು? ಬಾ. ನಡುವ ಅಲ್ಲ, ತುದಿಗೆ ಕುಂದರು. ತುದಿಗೆ ಕುಂತರ ನೀ ಒಬ್ಬಾಂವನ ಇಬ್ಬರ ಭಾರ ಆಗ್ತಿ."

ಮಿಲಿಂದನ ಮುಖ ಹಾಗೆ ಅರಳಿದ್ದನ್ನು ನಾನು ಅದರ ಮೊದಲು ನೋಡಿರಲಿಲ್ಲ. ಹೊರಗೆ ಚಪ್ಪಲಿ ಬಿಟ್ಟು ಬಂದು, ಡಿಕ್ಕಿಯ ಅಂಚಿಗೆ ಕುಳಿತು ಕಾಲು ಇಳಿಬಿಟ್ಟ. ಕಾರು ಗೋಣು ಹಾಕಿದ ಹಾಗೆ ಕೆಳಗೆ ಇಳಿಯಿತು. "ಹ್ಞಾ! ನೋಡ್ರಿಲೇ, ಇದಕ್ಕ ಮನಶಾ ಅಂತಾರ" ಎಂದ ಮಾಮಾ. ನಾನು ಕಟ್ಟೆಯ ಮೇಲೆ ನಿಂತು ಹೊಟ್ಟೆಕಿಚ್ಚು ಪಟ್ಟೆ.

ಈಗ ಎಲ್ಲರೂ ಎಲ್ಲೆಲ್ಲಿದ್ದರು ಎಂದು ಹೇಳುತ್ತೇನೆ. ದಸ್ತಗೀರ ಮಾಮಾ ಕಾರಿನ ಹಿಂಭಾಗದ ಕೆಳಗೆ ಅಂಗಾತ ಮಲಗಿದ್ದ, ತಲೆ ಹಿಂದೆ, ಕಾಲು ಮುಂದೆ. ಅಪ್ಪ ಮುಂದಿನ ಗಾಲಿಗೆ ಕಲ್ಲು ಕೊಟ್ಟು ಬಾನೆಟ್ಟಿನ ಹತ್ತಿರ ನಿಂತಿದ್ದ. ಡಿಕ್ಕಿಯ ಮುಚ್ಚಳ ಮೇಲೆತ್ತಿದ್ದರಿಂದ ಅವನಿಗೆ ಹಿಂದಿನದು ಕಾಣುತ್ತಿರಲಿಲ್ಲ. ಡಿಕ್ಕಿಯ ಅಂಚಿನಲ್ಲಿ ಮಿಲಿಂದ, ಅವನ ಪಕ್ಕದಲ್ಲಿ ಶಾಂತಕ್ಕ. ಅಣ್ಣತಮ್ಮ ಇಬ್ಬರೂ ಒಳಗೆ, ಹೊರಗೆ ಬೆನ್ನು ಮಾಡಿ, ಚಾಪೆಯ ಕೆಳಗೆ ಸಿಕ್ಕಿಕೊಂಡ ಮಣೂಕ ಹೆಕ್ಕಿ ತಿನ್ನುತ್ತಿದ್ದರು.

"ಯಾರೂ ಅಳ್ಳಾಡಬ್ಯಾಡ್ರಿ. ನಾ ಹೇಳೂತನಾ ಉಸರ ಸುದ್ದಾ ಹಗರಕ ಬಿಡ್ರಿ" ಎಂದು ಕೆಳಗಿನಿಂದ ಮಾಮಾ ಹೇಳಿದ. ಸುತ್ತಿಗೆಯ ಬಡಿತ ಶುರುವಾಯಿತು.

ಅದೇ ಹೊತ್ತಿಗೆ ಆಯಿ ಅಡಿಗೆಮನೆಯ ಬಾಗಿಲಿನಿಂದ ಬಂದಳು. ಒಂದು ಕೈಯಲ್ಲಿ ಮಜ್ಜಿಗೆಯ ತಂಬಿಗೆ, ಇನ್ನೊಂದರಲ್ಲಿ ತಾಟು, ತಾಟಿನಲ್ಲಿ ಸ್ಟೀಲಿನ ಗ್ಲಾಸುಗಳು. ಮಜ್ಜಿಗೆಗೆ ಬಳ್ಳೊಳ್ಳಿ ಜೀರಿಗೆ ಜಜ್ಜಿ ಹಾಕಿದ್ದಳು, ವಾಸನೆ ನನ್ನವರೆಗೆ ಬಂತು. ಶಾಂತಕ್ಕನ ಕೈಗೆ ಒಂದು ಗ್ಲಾಸು ಕೊಟ್ಟಳು, ಒಳಗಿನ ಇಬ್ಬರಿಗೆ ಎರಡು ದಾಟಿಸಿದಳು. ಆಮೇಲೆ ಮಿಲಿಂದನನ್ನು ನೋಡಿದಳು.

ಆಯಿ ಆ ಓಣಿಯವರಿಗೆ ನೀರು ಮಜ್ಜಿಗೆ ಇಲ್ಲ ಅಂದವಳಲ್ಲ. ಆದರೆ ಗ್ಲಾಸು ಕೊಡುತ್ತಿರಲಿಲ್ಲ. ಮೇಲಿನಿಂದ ಹಾಕುತ್ತಿದ್ದಳು, ಅವರು ಕೆಳಗೆ ಬಗ್ಗಿ ಬೊಗಸೆಯಲ್ಲಿ ಹಿಡಿದು ಕುಡಿಯಬೇಕು. ದಸ್ತಗೀರ ಮಾಮಾನಿಗೆಂದು ಗೋಡೆಯ ಮಾಡದಲ್ಲಿ ಬೇರೆ ಒಂದು ಗಾಜಿನ ಗ್ಲಾಸು ಇರುತ್ತಿತ್ತು. ಇದನ್ನೆಲ್ಲ ನಾವು ಹುಟ್ಟಿದಾಗಿನಿಂದ ನೋಡುತ್ತಿದ್ದೆವು, ನೋಡುತ್ತಿದ್ದೇವೆ ಎಂಬುದೇ ತಿಳಿಯದ ಹಾಗೆ. ಡಿಕ್ಕಿಯ ಮೇಲೆ ಕುಳಿತವನ ಬೊಗಸೆ ಆಯಿಯ ಎದೆಯ ಎತ್ತರಕ್ಕಿತ್ತು. ಅಲ್ಲಿಗೆ ಮೇಲಿನಿಂದ ಹಾಕಲು ಆಗುವುದಿಲ್ಲ.

"ಯಪ್ಪಾ, ನೀ ಕೆಳಗ ಇಳಿ. ಮಜ್ಜಿಗಿ ಹಾಕ್ತೇನಿ" ಅಂದಳು ಆಯಿ. ಬೈಯಲಿಲ್ಲ. ಮೊಮ್ಮಗನಿಗೆ ಹೇಳುವ ದನಿಯಲ್ಲೇ ಹೇಳಿದಳು.

"ಆಯಿ, ಮಾಮಾ ಅಳ್ಳಾಡಬ್ಯಾಡ ಅಂದಾನ್ರಿ."

"ಒಂದ ಗುಟುಕು ಕುಡದ ಮತ್ತ ಹತ್ತುವಂತಿ. ಬಿಸಲಾಗ ಬಂದೀದಿ. ಇಳಿ, ಇಳಿ."

ಸುತ್ತಿಗೆಯ ಸದ್ದಿನಲ್ಲಿ ಈ ಮಾತು ಕಾರಿನ ಕೆಳಗೆ ಕೇಳಿಸಿರಲಾರದು. ನನಗೆ ಕೇಳಿಸಿತು, ಶಾಂತಕ್ಕನಿಗೆ ಕೇಳಿಸಿತು. ಆಮೇಲೆ ಬಡಿತ ನಿಂತಿತು. ಏಕೆ ನಿಂತಿತು ಎಂದು ನನಗೆ ಆಗ ತಿಳಿಯಲಿಲ್ಲ. ತೂತಿಗೆ ತೂತು ಕೂಡಿತೋ ಇಲ್ಲವೋ ಎಂದು ನೋಡಲು ಮಾಮಾ ಬಲಗೈಯ ತೋರುಬೆರಳನ್ನು ಒಳಗೆ ಹಾಕಿದ್ದ.

ಮಿಲಿಂದ ಒಂದು ಕಾಲು ಕೆಳಗಿಟ್ಟ. ಬರಿಗಾಲು, ನೆಲ ಸುಡುತ್ತಿತ್ತು. ಕಾಲು ಎತ್ತಿಕೊಂಡ, ಮತ್ತೆ ಇಟ್ಟ. ಆಮೇಲೆ ಇನ್ನೊಂದು ಕಾಲು ಇಟ್ಟು, ನಿಧಾನಕ್ಕೆ ಮೈಭಾರವನ್ನು ಅಂಚಿನಿಂದ ಬಿಡಿಸಿಕೊಂಡ. ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂದದ್ದನ್ನೂ ಹೇಳುತ್ತೇನೆ: ಅವನ ಜಾಗ ಖಾಲಿಯಾಯಿತು, ಇನ್ನು ನನ್ನನ್ನು ಕರೆಯುತ್ತಾರೆ. ನನಗೆ ಸಂತೋಷವಾಯಿತು.

ಮಿಲಿಂದ ಬಗ್ಗಿ ಬೊಗಸೆ ಒಡ್ಡಿದ. ಆಯಿ ತಂಬಿಗೆ ಬಗ್ಗಿಸಿದಳು. ಕಾರು ಒಂದು ಕ್ಷಣ ಇದ್ದ ಹಾಗೇ ಇದ್ದು, ಆಮೇಲೆ ಒಮ್ಮೆಲೆ ಕಟ್ಟೆಂದು ಮೇಲೆದ್ದಿತು.

ಆ ಕೂಗನ್ನು ನಾನು ವರ್ಣಿಸುವುದಿಲ್ಲ. ಕೂಗಿನ ನಂತರ ಬಂದ ಮಾತು ಇದು: "ಯಾಂವಲೇ ಜಿಗದಾಂವ! ಯಾಂವ ಜಿಗದಾ!"

ಅಪ್ಪ ಓಡಿಬಂದ. ಎಲ್ಲರ ಕಣ್ಣೂ ಡಿಕ್ಕಿಯ ಕಡೆ ಹೋಯಿತು. ಹೊರಗೆ ಇದ್ದವನು ಒಬ್ಬನೇ. ಅವನ ಬೊಗಸೆಯಲ್ಲಿ ಮಜ್ಜಿಗೆ ಹಾಗೇ ಇತ್ತು. ಕುಡಿಯಲೂ ಇಲ್ಲ, ಚೆಲ್ಲಲೂ ಇಲ್ಲ.

"ನಿನಗ ಅಳ್ಳಾಡಬ್ಯಾಡ ಅಂದಿರಲಿಲ್ಲೇನಲೇ?" ಎಂದು ಅಪ್ಪ ಅವನ ಬೆನ್ನಿಗೆ ಒಂದು ಹಾಕಿದ. ಮಜ್ಜಿಗೆ ಆಗ ಚೆಲ್ಲಿತು.

ಆಯಿ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದಳು.

ಮಾಮಾನನ್ನು ಯಾರದೋ ಜೀಪಿನಲ್ಲಿ ವಿಜಯಪುರಕ್ಕೆ ಒಯ್ದರು. ಬೆರಳು ಮೊದಲ ಗೆಣ್ಣಿನವರೆಗೆ ಹೋಯಿತು. ಎರಡು ದಿನದ ನಂತರ ಬೇರೆ ಮಿಸ್ತ್ರಿ ಬಂದು ಪಿನ್ನು ಬಡಿದ. ಕಾರು ಎತ್ತರವಾಗಿ, ಹೊಸದರ ಹಾಗೆ ನಿಂತಿತು. ಅಪ್ಪ ನಮ್ಮನ್ನು ಬಬಲೇಶ್ವರದ ರಸ್ತೆಯಲ್ಲಿ ಒಂದು ಸುತ್ತು ಒಯ್ದ. ನಾನು ಕಿಟಕಿಯ ಬದಿಗೆ ಕುಳಿತಿದ್ದೆ, ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಒಂದು ತಗ್ಗೂ ಮೈಗೆ ತಿಳಿಯಲಿಲ್ಲ. ಮಿಲಿಂದನನ್ನು ಯಾರೂ ಕರೆದಿರಲಿಲ್ಲ. ಆ ಸುತ್ತು ನನಗೆ ಬಹಳ ಹಿತವಾಗಿತ್ತು. ಇಂದಿಗೂ ನನ್ನನ್ನು ಚುಚ್ಚುವುದು ಆ ಹಿತವೇ.

ಆ ಸುತ್ತಿನ ಮರುದಿನ ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಆಯಿ ಅಲ್ಲೇ ಮೊರದಲ್ಲಿ ಮಣೂಕದ ಕಡ್ಡಿ ಆರಿಸುತ್ತ ಕುಳಿತಿದ್ದಳು.

"ಅಪ್ಪಾ, ಮಿಲಿಂದ ಜಿಗದಿಲ್ಲ. ಆಯಿ ಇಳಿ ಅಂದ್ಲು, ಅದಕ್ಕ ಇಳದಾನ."

ಆಯಿಯ ಕೈ ನಿಂತಿತು. ಅಪ್ಪ ಅವಳ ಕಡೆ ನೋಡಿದ. ಅವಳು ಮೊರ ನೋಡುತ್ತಿದ್ದಳು.

"ಮಜ್ಜಿಗಿ ಕುಡಿ ಅಂದಾಳ. ಅದರಾಗ ತಪ್ಪೇನೈತಿ?" ಎಂದ ಅಪ್ಪ. "ಆಯಿಗೆ ಬಿ.ಪಿ. ಐತಿ. ಇನ್ನೊಮ್ಮಿ ಈ ಮಾತ ಹೊರಗ ಆಡಿದರ ನೋಡು ಮತ್ತ."

ಆಯಿಯ ಕೈ ಮತ್ತೆ ಕಡ್ಡಿ ಆರಿಸಲು ಶುರುಮಾಡಿತು. ಅವಳು ಆ ಕಾರು ಹತ್ತಲೇ ಇಲ್ಲ. ಬಬಲೇಶ್ವರಕ್ಕೆ ಬಸ್ಸಿನಲ್ಲೇ ಹೋದಳು, ಮುಂದೆಯೂ ಬಸ್ಸಿನಲ್ಲೇ. ಮೊಣಕಾಲು ನೋವು, ಕಾರಿನಲ್ಲಿ ಮಡಚಲು ಬರುವುದಿಲ್ಲ ಎಂದು ಕೇಳಿದವರಿಗೆ ಹೇಳುತ್ತಿದ್ದಳು. ಬಸ್ಸಿನ ಮೆಟ್ಟಿಲು ಕಾರಿಗಿಂತ ಎತ್ತರ ಎಂದು ಯಾರೂ ಅವಳಿಗೆ ಹೇಳಲಿಲ್ಲ.

ಸೂಟಿ ಮುಗಿಯುವುದರೊಳಗೆ ಮಿಲಿಂದನ ಹೆಸರು ಗುಂಡ್ಯಾ ಹೋಗಿ ಜಿಗ್ಯಾ ಆಯಿತು. ಮಾಸ್ತರರೂ ಕರೆದರು. ಆಟದ ಅವಸರದಲ್ಲಿ ನಾನೂ ಕರೆದಿದ್ದೇನೆ. ಮಿಲಿಂದ ಬಸ್ ಸ್ಟ್ಯಾಂಡಿನ ಹಿಂದಿನ ದಾರಿ ಬಿಟ್ಟು, ಸುತ್ತು ಹಾಕಿ ಸಾಲಿಗೆ ಬರತೊಡಗಿದ. ಅಲ್ಲಿ ಗ್ಯಾರೇಜಿತ್ತು.

ಈಗ ನಾನು ವಿಜಯಪುರದಲ್ಲಿದ್ದೇನೆ. ನನ್ನದೂ ಹಳೆಯ ಕಾರು, ಸಣ್ಣದು. ಈ ವರ್ಷ ಅದರ ಹಿಂದಿನ ಸ್ಪ್ರಿಂಗುಗಳು ಕುಸಿದು, ಬದಲಿಸಲು ಸ್ಟೇಷನ್ ರಸ್ತೆಯ ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಹುಡುಗ ಒಂದು ಗುಂಡಿ ಒತ್ತಿದ, ಕಾರು ತಾನಾಗಿ ಮೇಲೇರಿತು. ಒಂದು ಸಾಧನ ಸ್ಪ್ರಿಂಗನ್ನು ಹಿಡಿದು ಅದುಮಿತು. ಯಾರನ್ನೂ ಕರೆಯಲಿಲ್ಲ, ಯಾರೂ ಓಡಿಬರಲಿಲ್ಲ. ಹುಡುಗರ ಭಾರಕ್ಕೆ ಬೆಲೆ ಇದ್ದ ಕೆಲಸ ಅದೊಂದಿತ್ತು, ಅದೂ ಹೋಯಿತು. ಬೆರಳು ಉಳಿಯುತ್ತವೆ, ಒಳ್ಳೆಯದೇ. ಆದರೂ ಒಬ್ಬ ದಪ್ಪ ಹುಡುಗನ ಮುಖ ಅರಳಲು ಈಗ ಯಾವ ಅಂಗಳವಿದೆ ಎಂದು ಯೋಚಿಸುತ್ತ ಕಟ್ಟಿಗೆಯ ಬಾಕಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ಕುಳಿತವನು ನನ್ನನ್ನೇ ನೋಡುತ್ತಿದ್ದ.

"ಟಾಕಿ ಮನಿ ಬಸೂ ಅಲ್ಲೇನಪಾ ನೀ?"

ತೆಳ್ಳಗಾಗಿದ್ದ. ನಕ್ಕಾಗ ಗುರುತು ಸಿಕ್ಕಿತು. "ಮಿಲಿಂದಾ!"

"ಮಿಲಿಂದ ಅಂದ್ರ ಊರಾಗ ಯಾರಿಗೂ ತಿಳಿಯೂದಿಲ್ಲ ಬಿಡು. ಜಿಗ್ಯಾ ಅನ್ನು."

ಅವನು ಸಾಲಿಯ ಮಕ್ಕಳ ವ್ಯಾನು ಓಡಿಸುತ್ತಾನೆ, ಅದರ ಪಾಟಾ ಬದಲಿಸಲು ಬಂದಿದ್ದ. ಮನೆ ಇಟ್ಟಂಗಿಹಾಳದಲ್ಲಿ. ಚಹಾ ತರಿಸಿದೆವು. ನಾನು ಚಹಾ ಮುಗಿಯುವವರೆಗೆ ಕಾಯಲಿಲ್ಲ.

"ಅವತ್ತ ನೀ ಜಿಗದಿಲ್ಲ ಮಿಲಿಂದಾ. ನಮ್ಮ ಆಯಿ ಇಳಿ ಅಂದ್ಲು, ನೀ ಇಳದಿ. ನಾ ನೋಡೇನಿ."

ಅವನು ನಗುತ್ತಲೇ ತಲೆ ಅಲ್ಲಾಡಿಸಿದ. "ಇಲ್ಲಪಾ. ಜಿಗದೇನಿ ನಾ. ನನಗ ಚಲೋ ನೆನಪೈತಿ. ಜಿಗದ ಕೂಡಲೇ ಅಂಗಾಲ ಚುರ್ರ್ ಅಂದಿತ್ತು."

"ನೆಲಾ ಸುಡತಿತ್ತು, ಖರೇನ. ಅದಕ್ಕ ನೀ ಒಂದ ಕಾಲ ಇಟ್ಟಿ, ತಗದಿ, ಮತ್ತ ಇಟ್ಟಿ. ಜಿಗದಾಂವ ಕಾಲ ಹೆಂಗ ತಗೀತಾನ?"

ನಗು ನಿಂತಿತು.

"ಮದವಿಗಿಂತ ಮೊದಲ ದಸ್ತಗೀರ ಮಾಮಾನ ಮನಿಗೆ ಹೋಗಿದ್ದೆ" ಎಂದ. "ಕಾರ್ಡ ಕೊಟ್ಟು, ಕಾಲ ಮುಟ್ಟಿ, ಮಾಮಾ ನಾ ಜಿಗದೇನಿ, ಮಾಫ ಮಾಡು ಅಂದೆ. ತಲಿ ಮ್ಯಾಲ ಕೈ ಇಟ್ಟ. ಅದ ಕೈ. ಹೋಗಲಿ ಬಿಡು ಹುಡುಗಾ ಅಂದ. ಅವತ್ತಿಂದ ನಿದ್ದಿ ಹತ್ತೈತಿ ನನಗ. ಈಗ ನೀ ಬಂದು ಹಿಂಗ ಹೇಳಾಕತ್ತೀದಿ."

ಅವನು ಚಹಾದ ಗ್ಲಾಸು ಕೆಳಗಿಟ್ಟು ನನ್ನ ಕಡೆ ತಿರುಗಿದ.

"ನೀ ಒಬ್ಬಾಂವ ಹೇಳಿದರ ಹೆಂಗ ನಂಬಲಿ? ಸಣ್ಣಾಂವಿದ್ದಿ ನೀನೂ. ಮತ್ತ್ಯಾರ ನೋಡ್ಯಾರ?"

ನಾನು ಅಲ್ಲೇ ಶಾಂತಕ್ಕನಿಗೆ ಫೋನು ಹಚ್ಚಿ, ಅವನಿಗೂ ಕೇಳಿಸುವ ಹಾಗೆ ಬಾಕಿನ ಮೇಲಿಟ್ಟೆ. ಅವಳ ಬಾಯಲ್ಲಿ ನನ್ನ ಮಾತು ಇಡಬಾರದೆಂದು, ಆಯಿಯ ಸುದ್ದಿ ಎತ್ತದೆ ಕೇಳಿದೆ. "ಶಾಂತಕ್ಕ, ದಸ್ತಗೀರ ಮಾಮಾನ ಬೆರಳ ಹೋತಲ್ಲ, ಅವತ್ತ ಮಿಲಿಂದ ಹೆಂಗ ಕೆಳಗ ಬಂದ?"

"ಇವತ್ತ್ಯಾಕ ಬೇಕಾತೋ ಅದು ನಿನಗ?"

"ಹೇಳ ಬೇ."

"ಹೆಂಗ ಬಂದ ಅಂದ್ರ, ನಾನ ಇಳಿಸೇನಿ. ಆಯಿ ಇಳಿ ಇಳಿ ಅನ್ನಾಕತ್ತಿದ್ದಳು, ಅವಗ ದಪ್ಪ ಮೈ, ಇಳಿಯಾಕ ಬರವಲ್ದಾಗಿತ್ತು. ರಟ್ಟಿ ಹಿಡದ ಇಳಿಸೇನಿ."

ಅವಳು ರಟ್ಟೆ ಹಿಡಿದದ್ದು ನನಗೆ ಗೊತ್ತಿರಲಿಲ್ಲ. ನಾನು ನಿಂತ ಕಡೆಯಿಂದ ಅವಳ ಕೈ ಕಾಣುತ್ತಿರಲಿಲ್ಲ. "ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ಯಾರ ಕೇಳ್ಯಾರ ನನ್ನ? ದೊಡ್ಡಾಕಿ ಆಗೀದಿ, ಗಂಡಹುಡುಗೂರ ಜೋಡಿ ಡಿಕ್ಕ್ಯಾಗ ಯಾಕ ಕುಂತಿದ್ದಿ ಅಂತ ನನಗ ಬೈದು ಒಳಗ ಕಳಿಸಿದರು."

ಮಿಲಿಂದ ಫೋನಿನ ಕಡೆ ಬಗ್ಗಿದ. "ಅಕ್ಕಾರ, ಇನ್ನೊಮ್ಮಿ ಹೇಳ್ರಿ" ಎಂದ. ಶಾಂತಕ್ಕ ಮತ್ತೊಮ್ಮೆ ಹೇಳಿದಳು, ಮೊದಲಿಗಿಂತ ನಿಧಾನವಾಗಿ.

ಅವನ ವ್ಯಾನು ಸಿದ್ಧವಾಗಿತ್ತು. ಏಳುವಾಗ ನನ್ನ ಮುಖ ನೋಡದೆ ಅಂದ: "ಮನಿಗೆ ಬಾ ಒಮ್ಮೆ. ನನ್ನ ಹೆಂಡತಿ ಮುಂದ ನೀನ ಹೇಳು. ನನ್ನ ಬಾಯಿಲೆ ಹೇಳಿದರ ಅಕಿ ನಂಬೂದಿಲ್ಲ."

ಆವತ್ತು ಕಾರಿನ ಕೆಳಗಿನಿಂದ ಮಾಮಾನಿಗೆ ಎಷ್ಟು ಕಂಡಿರಬಹುದು ಎಂದು ತಿಳಿಯಲು ಆ ಸಂಜೆ ನಾನು ಮನೆಯ ಮುಂದೆ, ನನ್ನ ಕಾರಿನ ಹಿಂದೆ ಅಂಗಾತ ಮಲಗಿ, ತಲೆಯನ್ನು ಕೆಳಗೆ ಸರಿಸಿ ನೋಡಿದೆ. ಹೆಂಡತಿಯನ್ನು ಹಿಂದೆ ನಿಲ್ಲಿಸಿದೆ. ನಿಂತವರ ಕಾಲು ಮೊಣಕಾಲಿನವರೆಗೆ ಕಾಣುತ್ತದೆ. ಅಂಬಾಸಿಡರ್ ಇನ್ನೂ ಎತ್ತರ.

ಕಂಡವರು ಇವರು. ಆಯಿ ಈಗ ಇಲ್ಲ. ಅಪ್ಪನೂ ಇಲ್ಲ, ಇದ್ದಿದ್ದರೂ ಅವನು ಕಂಡವನಲ್ಲ. ಅಣ್ಣತಮ್ಮ ಇಬ್ಬರೂ ಬೆನ್ನು ಮಾಡಿ ಕುಳಿತಿದ್ದರು, ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದವರಲ್ಲಿ ನಾನಿದ್ದೇನೆ. ಮಿಲಿಂದ ಇಟ್ಟಂಗಿಹಾಳದಲ್ಲಿದ್ದಾನೆ. ಶಾಂತಕ್ಕ ಮಮದಾಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಯಾರು ಕೇಳಿದರೂ ಹೇಳುತ್ತಾಳೆ. ದಸ್ತಗೀರ ಮಾಮಾ ಬಬಲೇಶ್ವರದಲ್ಲಿ ಮಗಳ ಹತ್ತಿರ ಇದ್ದಾನೆ. ಬೆರಳು ಹೋಗುವ ಮೊದಲು ಆಯಿಯ ಪಾದಗಳು ಬಂದು ನಿಂತದ್ದು, ಆಮೇಲೆ ಮಿಲಿಂದನ ಕಾಲು ಒಂದೊಂದಾಗಿ ನೆಲಕ್ಕೆ ಇಳಿದದ್ದು ಅವನಿಗೆ ಕಂಡಿತ್ತೋ ಇಲ್ಲವೋ, ಅವನೇ ಹೇಳಬೇಕು. ಕಿವಿ ಮಂದವಾಗಿವೆಯಂತೆ. ಕಣ್ಣು ಚೆನ್ನಾಗಿವೆ ಎಂದು ಮೊನ್ನೆ ಕಂಡು ಬಂದವರು ಹೇಳಿದರು.